ಮಲೆನಾಡಿನ ದಾರಿಯಲ್ಲಿ ಬೈಕ್ ಕೈಕೊಟ್ಟರೆ: ಜೊತೆಗಿರಬೇಕಾದ ಉಪಕರಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ರಸ್ತೆಗಳಲ್ಲಿ ಬೈಕ್ ಓಡಿಸುವವರು, ಅದರಲ್ಲೂ ಮಳೆಗಾಲದಲ್ಲಿ ಘಟ್ಟ ಇಳಿದು ಹತ್ತುವವರು, ದಾರಿಯಲ್ಲಿ ನಿಂತುಹೋದ ಗಾಡಿಯನ್ನು ಮುಂದಿನ ಊರಿನವರೆಗೆ ತಲುಪಿಸಲು ಏನೇನು ಜೊತೆಗಿರಬೇಕು ಎಂದು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ದಾರಿಬದಿಯ ರಿಪೇರಿ ಎಂದರೆ ಗಾಡಿಯನ್ನು ಹೊಸದರಂತೆ ಮಾಡುವ ಕೆಲಸವೆಂದು ಇಲ್ಲಿ ಭಾವಿಸಿಲ್ಲ. ಮೆಕ್ಯಾನಿಕ್ ಇರುವ ಊರಿಗೆ ಸುರಕ್ಷಿತವಾಗಿ ತಲುಪಿಸುವುದಷ್ಟೇ ಅದರ ಗುರಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿಬರಲು ಉಪಕರಣಗಳು ಬೇಕೇ? ದಾರಿಯುದ್ದಕ್ಕೂ ಪಂಚರ್ ಅಂಗಡಿಗಳು ಇವೆಯಲ್ಲ?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್ ದೂರವಿದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೂಲಕ ತುಂಗೆಯ ದಂಡೆಯಲ್ಲೇ ಸಾಗುವ ಈ ದಾರಿಯಲ್ಲಿ ಊರು ಬಂದಾಗ ಅಂಗಡಿ ಸಿಗುತ್ತದೆ ಎಂಬುದು ನಿಜ. ಆದರೆ ಊರು ಮತ್ತು ಊರಿನ ನಡುವೆ ಕಾಡು ಇದೆ, ಮತ್ತು ಪಂಚರ್ ಆಗುವುದಕ್ಕೆ ಊರೇ ಬೇಕೆಂದಿಲ್ಲ. ಭಾನುವಾರ ಮಧ್ಯಾಹ್ನ, ಹಬ್ಬದ ದಿನ ಅಥವಾ ಸಂಜೆ ಏಳರ ಮೇಲೆ ತೆರೆದಿರುವ ಅಂಗಡಿಯನ್ನು ಹುಡುಕಿಕೊಂಡು, ತುಂಬಿದ ಟ್ಯಾಂಕಿನ ಬೈಕನ್ನು ಐದಾರು ಕಿಲೋಮೀಟರ್ ಮಳೆಯಲ್ಲಿ ತಳ್ಳಿದವರಿಗೆ ಈ ಪ್ರಶ್ನೆ ಮತ್ತೆ ಬರುವುದಿಲ್ಲ.

ಹೊಸನಗರದಿಂದ ನಗರ, ಹುಲಿಕಲ್, ಮಾಸ್ತಿಕಟ್ಟೆಯ ಕಡೆಗೆ ಹೊರಟರೆ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ, ಮನೆಗಳು ರಸ್ತೆಯಿಂದ ದೂರ ತೋಟಗಳ ಒಳಗಿರುತ್ತವೆ, ಮಳೆಗಾಲದಲ್ಲಿ ಓಡಾಟವೂ ವಿರಳ. ಆದ್ದರಿಂದ ಎಷ್ಟು ಸಾಮಾನು ಒಯ್ಯಬೇಕು ಎಂಬುದನ್ನು ಪ್ರಯಾಣದ ಒಟ್ಟು ದೂರಕ್ಕಿಂತಲೂ, ಆ ದಾರಿಯಲ್ಲಿ ಎರಡು ಅಂಗಡಿಗಳ ನಡುವಿನ ಅತಿ ಹೆಚ್ಚಿನ ಅಂತರವನ್ನು ನೋಡಿ ನಿರ್ಧರಿಸುವುದು ಒಳ್ಳೆಯದು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಟೂಲ್ ಕಿಟ್ ಕೊಂಡರೆ ಸಾಲದೇ?

ಸಾಲುವುದಿಲ್ಲ. ಹಾಗೆ ಹೇಳಲು ಸ್ಪಷ್ಟವಾದ ಕಾರಣವಿದೆ. ಸಿದ್ಧ ಪೆಟ್ಟಿಗೆಯಲ್ಲಿ ನಲವತ್ತು ಸಾಮಾನುಗಳಿದ್ದರೆ ಅವುಗಳಲ್ಲಿ ನಿಮ್ಮ ಬೈಕಿಗೆ ಹೊಂದುವುದು ಏಳೆಂಟು ಇರಬಹುದು, ಮತ್ತು ನಿಮ್ಮ ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆ ಬೇಕಾದ ದೊಡ್ಡ ಸ್ಪ್ಯಾನರ್ ಹೆಚ್ಚಾಗಿ ಅದರಲ್ಲಿ ಇರುವುದೇ ಇಲ್ಲ. ಉಪಕರಣಗಳ ಆಯ್ಕೆ ಬೈಕಿನಿಂದ ಆರಂಭವಾಗಬೇಕು.

ಇದಕ್ಕೆ ಒಂದು ವಿಧಾನವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಬಿಡುವಿನ ದಿನ ಮನೆಯ ಅಂಗಳದಲ್ಲಿ ಬೈಕ್ ನಿಲ್ಲಿಸಿಕೊಂಡು, ಕೈಯಲ್ಲಿ ಒಂದು ಚೀಟಿ ಹಿಡಿದು, ದಾರಿಯಲ್ಲಿ ಬಿಚ್ಚಬೇಕಾಗಿ ಬರಬಹುದಾದ ಒಂದೊಂದೇ ನಟ್ಟು, ಬೋಲ್ಟು, ಸ್ಕ್ರೂವನ್ನು ನೋಡುತ್ತ ಹೋಗಿ. ಮುಂದಿನ ಮತ್ತು ಹಿಂದಿನ ಆಕ್ಸಲ್, ಚೈನ್ ಅಡ್ಜಸ್ಟರ್, ಬ್ರೇಕ್ ರಾಡಿನ ನಟ್ಟು, ಕ್ಲಚ್ ಮತ್ತು ಬ್ರೇಕ್ ಲಿವರಿನ ಬೋಲ್ಟು, ಕನ್ನಡಿಯ ಕಾಂಡ, ಸೀಟಿನ ಬೋಲ್ಟು, ಬ್ಯಾಟರಿ ಟರ್ಮಿನಲ್, ಪಕ್ಕದ ಕವರುಗಳ ಸ್ಕ್ರೂ, ಸ್ಪಾರ್ಕ್ ಪ್ಲಗ್ ಇವೆಲ್ಲಕ್ಕೂ ಯಾವ ಅಳತೆಯ, ಯಾವ ಬಗೆಯ ಉಪಕರಣ ಹಿಡಿಯುತ್ತದೆ ಎಂಬುದನ್ನು ಬರೆದುಕೊಳ್ಳಿ. ಆ ಚೀಟಿಯೇ ನಿಮ್ಮ ಖರೀದಿಯ ಪಟ್ಟಿ.

ಖರೀದಿ ಮುಗಿದ ಮೇಲೆ, ಮುಂದಿನ ಬಾರಿ ಚೈನ್ ಬಿಗಿ ಮಾಡುವಾಗ, ಪ್ಲಗ್ ಸ್ವಚ್ಛಗೊಳಿಸುವಾಗ, ಹಿಂದಿನ ಚಕ್ರ ಕಳಚಿ ಜೋಡಿಸುವಾಗ ಮನೆಯ ಬೇರೆ ಯಾವ ಉಪಕರಣವನ್ನೂ ಮುಟ್ಟದೆ ಆ ಚೀಲದಲ್ಲಿರುವುದರಿಂದಲೇ ಕೆಲಸ ಮಾಡಿ ನೋಡಬೇಕು. ಏನು ಕೊರತೆಯಾಯಿತೋ ಅದನ್ನು ಸೇರಿಸಿ, ಏನನ್ನು ಮುಟ್ಟಲೇ ಇಲ್ಲವೋ ಅದನ್ನು ತೆಗೆದಿಡಿ. ಒಮ್ಮೆಯೂ ಮನೆಯಲ್ಲಿ ಬಳಸದ ಉಪಕರಣವನ್ನು ಆಗುಂಬೆಯ ತಿರುವಿನಲ್ಲಿ, ಟಾರ್ಚಿನ ಬೆಳಕಿನಲ್ಲಿ ಮೊದಲ ಬಾರಿಗೆ ಕಲಿಯುವುದು ಬಹಳ ಕಷ್ಟ.

ಸಾಮಾನ್ಯವಾಗಿ ಯಾವ ಯಾವ ಅಳತೆಗಳು ಬೇಕಾಗುತ್ತವೆ?

ಹೀರೋ, ಹೋಂಡಾ, ಯಮಹಾ, ಟಿವಿಎಸ್ ಬೈಕುಗಳಲ್ಲಿ 8, 10, 12, 14 ಮತ್ತು 17 ಮಿಲಿಮೀಟರಿನ ತಲೆಗಳೇ ಹೆಚ್ಚು. ಕೆಟಿಎಂನಂಥ ಯುರೋಪಿನ ವಿನ್ಯಾಸದ ಗಾಡಿಗಳಲ್ಲಿ 13 ಮಿಲಿಮೀಟರ್ ಬೇಕಾಗುತ್ತದೆ, ನಕ್ಷತ್ರಾಕಾರದ ತಲೆಯ ಟಾರ್ಕ್ಸ್ ಬೋಲ್ಟುಗಳೂ ಎದುರಾಗುತ್ತವೆ. ಆರು ಮೂಲೆಯ ಕುಳಿ ಇರುವ ಬೋಲ್ಟುಗಳಿಗೆ ಬೇಕಾದ ಅಲೆನ್ ಕೀಗಳಲ್ಲಿ 4, 5, 6 ಮಿಲಿಮೀಟರ್ ಹೆಚ್ಚು ಬಳಕೆಗೆ ಬರುತ್ತವೆ. ಹಿಂದಿನ ಆಕ್ಸಲ್ ನಟ್ಟು ಮಾತ್ರ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಅದನ್ನು ಅಳೆದೇ ಕೊಳ್ಳಬೇಕು.

ಆಕ್ಸಲ್ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರಿಗಿಂತ ನಟ್ಟನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರ್ ಉತ್ತಮ. ಸರ್ವಿಸ್ ಸ್ಟೇಷನ್ನಿನಲ್ಲಿ ಗಾಳಿಯ ಗನ್ನಿನಿಂದ ಬಿಗಿದ ನಟ್ಟನ್ನು ಬಿಚ್ಚಲು ಬಲ ಹಾಕಿದಾಗ ತೆರೆದ ಬಾಯಿ ಅಗಲವಾಗಿ ನಟ್ಟಿನ ಮೂಲೆಗಳು ಸವೆಯುತ್ತವೆ, ಆಮೇಲೆ ಯಾವ ಉಪಕರಣವೂ ಅದನ್ನು ಹಿಡಿಯುವುದಿಲ್ಲ. ಹಿಡಿಕೆ ಗಿಡ್ಡವಾಗಿದ್ದರೆ ಅದರ ಮೇಲೆ ತೂರಿಸಲು ಒಂದು ಅಡಿ ಉದ್ದದ ಕಬ್ಬಿಣದ ಪೈಪಿನ ತುಂಡನ್ನು ಜೊತೆಗಿಟ್ಟುಕೊಳ್ಳಬಹುದು. ಚಕ್ರ ಕಳಚಲು ಬಾರದ ಸಲಕರಣೆ ಎಷ್ಟಿದ್ದರೂ ಟ್ಯೂಬಿನ ಗಾಡಿಯವರಿಗೆ ಪ್ರಯೋಜನವಿಲ್ಲ ಎಂಬ ಕಾರಣಕ್ಕೆ ಈ ಒಂದು ಸ್ಪ್ಯಾನರಿನ ಬಗ್ಗೆ ಇಷ್ಟು ಹೇಳಬೇಕಾಯಿತು.

ಬೈಕಿನ ಜೊತೆ ಕಂಪನಿ ಕೊಟ್ಟಿರುವ ಪ್ಲಗ್ ಸ್ಪ್ಯಾನರನ್ನು ಎಸೆಯಬೇಡಿ. ಸ್ಪಾರ್ಕ್ ಪ್ಲಗ್ಗಿನ ಮರೆ (ಥ್ರೆಡ್) 10 ಮಿಲಿಮೀಟರ್ ಇದ್ದರೆ 16 ಮಿಲಿಮೀಟರಿನ, 12 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ 18 ಮಿಲಿಮೀಟರಿನ ಪ್ಲಗ್ ಸ್ಪ್ಯಾನರ್ ಬೇಕು. ತಲೆ ಆಳದಲ್ಲಿ ಕುಳಿತಿರುವ ಗಾಡಿಗಳಲ್ಲಿ ಕಂಪನಿಯ ಆ ತೆಳ್ಳನೆಯ ಕೊಳವೆಯೇ ಸಲೀಸಾಗಿ ಇಳಿಯುತ್ತದೆ.

ನನ್ನ ಟೈರು ಟ್ಯೂಬ್‌ಲೆಸ್. ಪಂಚರ್ ತೆಗೆಯಲು ಏನೇನು ಬೇಕು?

ಮೊದಲು ಟೈರಿನ ಪಕ್ಕದ ಗೋಡೆಯ ಮೇಲೆ ಟ್ಯೂಬ್‌ಲೆಸ್ ಎಂದು ಬರೆದಿದೆಯೇ ನೋಡಿ, ಅಲಾಯ್ ಚಕ್ರವೆಂಬ ಒಂದೇ ಕಾರಣಕ್ಕೆ ಹಾಗೆ ನಂಬಬೇಡಿ. ಹಳೆಯ ಅನೇಕ ಗಾಡಿಗಳಲ್ಲಿ ಅಲಾಯ್ ಚಕ್ರದೊಳಗೂ ಟ್ಯೂಬೇ ಇದೆ. ಇನ್ನು, ಗುಂಡಿಗೆ ಬಿದ್ದು ರಿಮ್ ಸ್ವಲ್ಪ ಸೊಟ್ಟಗಾಗಿ ಗಾಳಿ ಸೋರಲಾರಂಭಿಸಿದಾಗ ಪಂಚರ್ ಅಂಗಡಿಯವರು ಟ್ಯೂಬ್‌ಲೆಸ್ ಟೈರಿಗೂ ಟ್ಯೂಬ್ ಹಾಕಿಕೊಡುವುದುಂಟು. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಟ್ಯೂಬ್‌ಲೆಸ್ ಎಂಬುದು ಖಚಿತವಾದರೆ ನಿಮ್ಮ ಕೆಲಸ ಬಹಳ ಹಗುರ. ತೂತು ಉಜ್ಜುವ ಅರದಂಥ ಟೂಲು, ಕಣ್ಣಿರುವ ಸೂಜಿ ಟೂಲು, ಅಂಟುಪಟ್ಟಿಗಳು, ರಬ್ಬರ್ ಸೊಲ್ಯೂಷನ್, ಕಟಿಂಗ್ ಪ್ಲೇಯರ್, ಬ್ಲೇಡ್ ಮತ್ತು ಗಾಳಿ ತುಂಬುವ ಸಾಧನ ಇಷ್ಟು ಸಾಕು. ಮೊಳೆ ಕಂಡ ತಕ್ಷಣ ಕೀಳದೆ, ಎಲ್ಲವನ್ನೂ ಹರಡಿ ಸಿದ್ಧವಾಗಿಟ್ಟುಕೊಂಡು, ಮೊಳೆ ಯಾವ ಓರೆಯಲ್ಲಿ ಒಳಹೊಕ್ಕಿದೆ ಎಂಬುದನ್ನು ಗಮನಿಸಿ, ಆಮೇಲೆ ಕಟಿಂಗ್ ಪ್ಲೇಯರಿನಿಂದ ಎಳೆಯಬೇಕು. ಅರವನ್ನೂ ಅದೇ ಓರೆಯಲ್ಲಿ ಒಳಹೊರಗೆ ಆಡಿಸಿ, ಸೂಜಿಯ ಕಣ್ಣಿನಲ್ಲಿ ಪಟ್ಟಿಯನ್ನು ಅರ್ಧಕ್ಕೆ ಮಡಚಿ ಪೋಣಿಸಿ, ಸೊಲ್ಯೂಷನ್ ಸವರಿ, ಹೊರಗೆ ಒಂದು ಸೆಂಟಿಮೀಟರಿನಷ್ಟು ತುದಿ ಉಳಿಯುವವರೆಗೆ ಒತ್ತಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರತೆಗೆಯಬೇಕು. ಗಾಳಿ ತುಂಬಿದ ಮೇಲೆ ಆ ಜಾಗಕ್ಕೆ ಎಂಜಲು ಅಥವಾ ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳದಿರಬೇಕು.

ಅಂಟುಪಟ್ಟಿ ಟೈರಿನ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಪಕ್ಕದ ಗೋಡೆಯಲ್ಲಿ ತೂತಾದರೆ ಅಥವಾ ಚೂಪಾದ ಕಲ್ಲಿಗೆ ಸಿಕ್ಕಿ ಟೈರು ಸೀಳಿದರೆ ಅದನ್ನು ನಂಬಿ ಘಟ್ಟ ಇಳಿಯುವುದು ಜೀವದ ಪ್ರಶ್ನೆ. ಪಟ್ಟಿಗಳು ಒಂದು ಹಿಡಿಯಷ್ಟಿರಲಿ, ಏಕೆಂದರೆ ಅಡಿಕೆ ತೋಟದ ಬೇಲಿ ಕಟ್ಟುವ ಕಾಲದಲ್ಲಿ ಒಳರಸ್ತೆಗಳಲ್ಲಿ ಬೇಲಿ ಮೊಳೆ, ಬಿದಿರು ಮುಳ್ಳು ಒಂದರ ಬೆನ್ನಿಗೆ ಇನ್ನೊಂದು ಸಿಗುತ್ತವೆ.

ಟ್ಯೂಬ್ ಇರುವ ಚಕ್ರವಾದರೆ?

ಇಲ್ಲಿ ಚಕ್ರವನ್ನು ಕಳಚಲೇಬೇಕು. ಆದುದರಿಂದ ಆಕ್ಸಲ್ ಸ್ಪ್ಯಾನರುಗಳು, ಟೈರಿನ ಅಂಚನ್ನು ಮೀಟುವ ಎರಡು ಅಥವಾ ಮೂರು ಟೈರ್ ಲಿವರ್, ವಾಲ್ವ್ ಪಿನ್ ಬಿಚ್ಚುವ ಚಿಕ್ಕ ಕೀಲಿ ಮತ್ತು ಒಂದು ಹೊಸ ಟ್ಯೂಬ್ ಅವಶ್ಯ. ಪ್ಯಾಚ್ ಹಾಕುವ ಸಾಮಗ್ರಿಯೂ ಇರಲಿ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದನ್ನೇ ನೆಚ್ಚಿಕೊಳ್ಳಬಾರದು. ಪ್ಯಾಚ್ ಹಿಡಿಯಬೇಕಾದರೆ ಟ್ಯೂಬ್ ಒಣಗಿರಬೇಕು, ಸೊಲ್ಯೂಷನ್ ಹಚ್ಚಿದ ಮೇಲೆ ಅದು ಆರುವ ತನಕ ಕಾಯಬೇಕು. ಆಷಾಢದಲ್ಲಿ ತೊಟ್ಟಿಕ್ಕುವ ಮರದಡಿ ನಿಂತು ಇದೆರಡನ್ನೂ ಸಾಧಿಸುವುದು ದುಸ್ತರ. ಹೊಸ ಟ್ಯೂಬ್ ಹಾಕಿಕೊಂಡು ಹೊರಟು, ಹಳೆಯದನ್ನು ಊರಿನಲ್ಲಿ ಪ್ಯಾಚ್ ಮಾಡಿಸುವುದೇ ಜಾಣತನ.

ಸ್ಪ್ಲೆಂಡರ್ ಪ್ಲಸ್‌ನಂತೆ ಎರಡೂ ಚಕ್ರ 18 ಇಂಚು ಇರುವ ಗಾಡಿಗೆ ಒಂದೇ ಟ್ಯೂಬ್ ಎರಡಕ್ಕೂ ಆಗುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಮುಂದೆ 19, ಹಿಂದೆ 18 ಇಂಚು. ಅದೇ ಕಂಪನಿಯ ಹಳೆಯ 411 ಸಿಸಿ ಹಿಮಾಲಯನ್‌ನಲ್ಲಿ ಮುಂದೆ 21, ಹಿಂದೆ 17 ಇಂಚು. ಇಂಥ ಗಾಡಿಗಳಲ್ಲಿ ಎರಡು ಟ್ಯೂಬ್ ಒಯ್ಯಲು ಜಾಗವಿಲ್ಲದಿದ್ದರೆ ಮುಂದಿನ ಚಕ್ರದ ದೊಡ್ಡ ಟ್ಯೂಬನ್ನು ಒಯ್ಯಿರಿ. ಅದನ್ನು ಅನಿವಾರ್ಯವಾದಾಗ ಹಿಂದಿನ ಚಕ್ರಕ್ಕೆ ಹೇಗೋ ಕೂರಿಸಿ ನಿಧಾನವಾಗಿ ಮುಂದಿನ ಊರು ಸೇರಬಹುದು, ಚಿಕ್ಕ ಟ್ಯೂಬನ್ನು ದೊಡ್ಡ ಚಕ್ರಕ್ಕೆ ಎಳೆದು ಕೂರಿಸುವುದು ಸುಲಭವಲ್ಲ.

ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಪೂರ್ತಿ ಸವರಿ ನೋಡಬೇಕು. ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ನೂರು ಮೀಟರ್ ದಾಟುವುದಿಲ್ಲ. ಟೈರನ್ನು ರಿಮ್ಮಿಗೆ ಏರಿಸುವಾಗ ಎದುರು ಬದಿಯ ಅಂಚನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿಟ್ಟುಕೊಂಡರೆ ಈಚೆಯ ಅಂಚು ಹೆಚ್ಚು ಬಲವಿಲ್ಲದೆ ಏರುತ್ತದೆ. ಇದನ್ನು ತಿಳಿಯದವರು ಲಿವರನ್ನು ಬಲವಾಗಿ ಮೀಟಿ, ಹೊಸ ಟ್ಯೂಬನ್ನೇ ಚುಚ್ಚಿಬಿಡುತ್ತಾರೆ. ಡಿಸ್ಕ್ ಬ್ರೇಕ್ ಇರುವ ಚಕ್ರವನ್ನು ಕಳಚಿಟ್ಟಾಗ ಆ ಬ್ರೇಕನ್ನು ಒತ್ತಬಾರದು, ಜೋಡಿಸಿದ ಮೇಲೆ ಹೊರಡುವ ಮುನ್ನ ಬ್ರೇಕ್ ಗಟ್ಟಿಯಾಗುವವರೆಗೆ ಕೆಲವು ಬಾರಿ ಒತ್ತಿ ನೋಡಲೇಬೇಕು.

ಗಾಳಿಗೆ ಪಂಪ್ ಒಳ್ಳೆಯದೋ, ಬ್ಯಾಟರಿ ಕಂಪ್ರೆಸರ್ ಒಳ್ಳೆಯದೋ?

ಕೈಪಂಪು ಅಥವಾ ಕಾಲಿನ ಪಂಪು ಎಂದೂ ಚಾರ್ಜ್ ಕೇಳುವುದಿಲ್ಲ, ಮಳೆಗೆ ಹೆದರುವುದಿಲ್ಲ. ಒಂದನ್ನೇ ಆರಿಸಬೇಕಾದರೆ ನಾನು ಅದನ್ನೇ ಆರಿಸುತ್ತೇನೆ. ಹಳೆಯ ಸೈಕಲ್ ಪಂಪನ್ನು ಹಾಗೆಯೇ ತರಬೇಡಿ. ನಮ್ಮಲ್ಲಿನ ಸಾಮಾನ್ಯ ಸೈಕಲ್ಲುಗಳ ವಾಲ್ವ್ ಬೇರೆ ಬಗೆಯದು, ಬೈಕಿನ ವಾಲ್ವಿಗೆ ಕೂರುವ ಬಾಯಿ ಅದಕ್ಕಿದೆಯೇ ಎಂದು ನೋಡಿಕೊಳ್ಳಬೇಕು. ಚಾರ್ಜ್ ಮಾಡುವ ಚಿಕ್ಕ ಕಂಪ್ರೆಸರುಗಳು ಅನುಕೂಲಕರವೇ ಹೌದು, ಆದರೆ ತಿಂಗಳುಗಟ್ಟಲೆ ಚೀಲದಲ್ಲಿ ಬಿದ್ದಿದ್ದು ಬೇಕಾದ ದಿನ ಖಾಲಿಯಾಗಿರುವ ಸಾಧ್ಯತೆ ಇದೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಚಿಕ್ಕ ಸಿಲಿಂಡರುಗಳು ಒಮ್ಮೆ ಬಳಸಿದರೆ ಮುಗಿದವು, ಆ ಅನಿಲ ರಬ್ಬರಿನ ಮೂಲಕ ಮಾಮೂಲಿ ಗಾಳಿಗಿಂತ ಬೇಗ ಸೋರುವುದರಿಂದ ಊರು ತಲುಪಿದ ಮೇಲೆ ಮತ್ತೆ ಗಾಳಿ ತುಂಬಿಸಬೇಕು. ಒತ್ತಡ ಅಳೆಯುವ ಪೆನ್ನಿನಾಕಾರದ ಗೇಜ್ ಇದ್ದರೆ ಅಂದಾಜಿನ ಕೆಲಸ ತಪ್ಪುತ್ತದೆ.

ಕ್ಲಚ್ ಕೇಬಲ್ ಒಯ್ಯಬೇಕೇ?

ಖಂಡಿತ ಒಯ್ಯಬೇಕು. ಘಟ್ಟದ ರಸ್ತೆಯಲ್ಲಿ ಕ್ಲಚ್ಚಿನ ಬಳಕೆ ಬಯಲುಸೀಮೆಯ ನೇರ ರಸ್ತೆಗಿಂತ ಎಷ್ಟೋ ಹೆಚ್ಚು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಲಾರಿಯೋ ಬಸ್ಸೋ ಎದುರಾದಾಗಲೆಲ್ಲ ಗೇರು ಇಳಿಸಿ, ನಿಂತು, ಮತ್ತೆ ಹೊರಡುವಾಗ ಕೇಬಲ್ಲಿನ ಮೇಲೆ ಎಳೆತ ಬೀಳುತ್ತಲೇ ಇರುತ್ತದೆ. ಕೇಬಲ್ ಸಾಮಾನ್ಯವಾಗಿ ಹ್ಯಾಂಡಲಿನ ಲಿವರಿನ ಬಳಿಯ ಗುಂಡಿನ ಹತ್ತಿರ ಎಳೆ ಎಳೆಯಾಗಿ ಹರಿಯುತ್ತದೆ. ಲಿವರನ್ನು ಪೂರ್ತಿ ಒತ್ತಿ ಹಿಡಿದು ಆ ಜಾಗವನ್ನು ಬೆಳಕಿನಲ್ಲಿ ನೋಡಿದರೆ ಹರಿದ ಎಳೆಗಳು ಮೊದಲೇ ಕಾಣಿಸುತ್ತವೆ.

ಹೊಸ ಕೇಬಲನ್ನು ಚೀಲದಲ್ಲಿ ಸುತ್ತಿಡುವುದಕ್ಕಿಂತ, ಹಳೆಯ ಕೇಬಲಿನ ಪಕ್ಕದಲ್ಲೇ ಅದು ಸಾಗುವ ದಾರಿಯಲ್ಲಿ ತೂರಿಸಿ, ಎರಡೂ ತುದಿಗಳಿಗೆ ಗ್ರೀಸ್ ಸವರಿ ಪ್ಲಾಸ್ಟಿಕ್ ಕಟ್ಟಿಟ್ಟರೆ ಹರಿದ ದಿನ ಟ್ಯಾಂಕ್ ಎತ್ತುವ ಕೆಲಸವಿಲ್ಲ. ಎರಡು ತುದಿ ಬದಲಿಸಿದರೆ ಮುಗಿಯಿತು. ಆಕ್ಸಿಲರೇಟರ್ ಕೇಬಲಿಗೂ ಈ ಕ್ರಮ ನಡೆಯುತ್ತದೆ. ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗುವಾಗ ಹೆಚ್ಚುವರಿ ಕೇಬಲ್ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಒಂದು ಕ್ಲಚ್ ಲಿವರ್ ಮತ್ತು ಒಂದು ಬ್ರೇಕ್ ಲಿವರ್ ಇರಲಿ. ಪಾಚಿಗಟ್ಟಿದ ರಸ್ತೆಯಲ್ಲಿ ಗಾಡಿ ನಿಂತಲ್ಲೇ ಜಾರಿ ಬಿದ್ದರೂ ಮೊದಲು ಮುರಿಯುವುದು ಇವೇ.

ಚೈನ್ ಕಡಿದರೆ ದಾರಿಯಲ್ಲಿ ಸರಿಮಾಡಲು ಸಾಧ್ಯವೇ?

ನಿಮ್ಮ ಚೈನಿನ ಅಳತೆಗೆ ಹೊಂದುವ ಚೈನ್ ಲಾಕ್, ಅಂದರೆ ಕಡಿದ ಎರಡು ತುದಿಗಳನ್ನು ಜೋಡಿಸುವ ಕ್ಲಿಪ್ಪಿನ ಕೊಂಡಿ, ಇದ್ದರೆ ಸಾಧ್ಯ. ಚಿಕ್ಕ ಬೈಕುಗಳಲ್ಲಿ 428, ದೊಡ್ಡವುಗಳಲ್ಲಿ 520 ಅಳತೆಯ ಚೈನ್ ಸಾಮಾನ್ಯ, ಈ ಸಂಖ್ಯೆ ಚೈನಿನ ಕೊಂಡಿಯ ಮೇಲೆಯೇ ಒತ್ತಿರುತ್ತದೆ. ರಿವೆಟ್ ಮಾಡಿದ ಚೈನಿನಲ್ಲಿ ಮುರಿದ ಕೊಂಡಿಯ ಪಿನ್ನನ್ನು ಹೊರದೂಡಲು ಚಿಕ್ಕ ಚೈನ್ ಬ್ರೇಕರ್ ಬೇಕು. ಲಾಕ್ ಕೂರಿಸುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಕ್ಲಿಪ್ ಕಳಚಿ ಹಾರಿಹೋಗಬಹುದು, ಮತ್ತು ಕಡಿದ ಚೈನ್ ಎಂಜಿನ್ನಿನ ಕೇಸಿಗೆ ಸುತ್ತಿಕೊಂಡರೆ ಹಾನಿ ದೊಡ್ಡದು.

ಆದರೆ ಚೈನ್ ಹಠಾತ್ತನೆ ಕಡಿಯುವುದು ಅಪರೂಪ, ಬಹುಪಾಲು ಅದು ನಿರ್ಲಕ್ಷ್ಯದ ಫಲ. ಮಳೆ ಮತ್ತು ಜಂಬಿಟ್ಟಿಗೆಯ ಕೆಂಪು ಕೆಸರು ಎಣ್ಣೆಯನ್ನು ತೊಳೆದು, ಮರಳಿನ ಕಣಗಳನ್ನು ಒಳಗೆ ಕೂರಿಸುತ್ತವೆ. ಆದುದರಿಂದ ಮಳೆಗಾಲದಲ್ಲಿ ಒಂದು ಪುಟ್ಟ ಬಾಟಲಿಯಲ್ಲಿ 90 ಗ್ರೇಡಿನ ಗೇರ್ ಎಣ್ಣೆಯನ್ನು ಒಯ್ದು, ದಿನದ ಓಟ ಮುಗಿದ ಮೇಲೆ ಚೈನ್ ಇನ್ನೂ ಬೆಚ್ಚಗಿರುವಾಗ ಒರೆಸಿ ಹಚ್ಚುವುದು ಬ್ರೇಕರ್ ಒಯ್ಯುವುದಕ್ಕಿಂತ ಹೆಚ್ಚು ಉಪಯುಕ್ತ.

ಮಳೆಯಲ್ಲಿ ಗಾಡಿ ಏಕಾಏಕಿ ಆಫ್ ಆಗುತ್ತದೆ. ಆಗ ಯಾವ ಉಪಕರಣ ಕೆಲಸಕ್ಕೆ ಬರುತ್ತದೆ?

ಉಪಕರಣ ತೆಗೆಯುವ ಮುನ್ನ ಕಣ್ಣಿನಿಂದ ನೋಡಬೇಕಾದದ್ದು ಬಹಳವಿದೆ. ಹ್ಯಾಂಡಲಿನ ಮೇಲಿರುವ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಆಫ್ ಆಗಿದೆಯೇ? ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದೆಯೇ? ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ನಿಲ್ಲಿಸುವ ವ್ಯವಸ್ಥೆ ಇರುವ ಗಾಡಿಗಳಲ್ಲಿ ಆ ಕೆಸರೇ ಎಷ್ಟೋ ಬಾರಿ ಇಡೀ ತೊಂದರೆಯ ಮೂಲವಾಗಿರುತ್ತದೆ, ಮತ್ತು ಬಾಟಲಿ ನೀರಿನಿಂದ ತೊಳೆದರೆ ಪರಿಹಾರವಾಗುತ್ತದೆ. ಅದೂ ಅಲ್ಲದಿದ್ದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೇ ಎಂದು ಕೈಯಿಂದ ಅಲುಗಿಸಿ ನೋಡಿ. ಗುಂಡಿಗಳ ರಸ್ತೆಯಲ್ಲಿ ಈ ಸ್ಕ್ರೂ ಸಡಿಲವಾಗುವುದು ತೀರಾ ಸಾಮಾನ್ಯ.

ಆಮೇಲೆ ಫ್ಯೂಸ್. ನಿಮ್ಮ ಗಾಡಿಯಲ್ಲಿರುವ ಪ್ರತಿ ಅಳತೆಯ ಬ್ಲೇಡ್ ಫ್ಯೂಸನ್ನು ಎರಡೆರಡರಂತೆ ಇಟ್ಟುಕೊಳ್ಳಿ. ಸುಟ್ಟ 10 ಆಂಪಿಯರಿನ ಜಾಗಕ್ಕೆ 20ರದನ್ನು ಹಾಕುವುದು, ತಂತಿ ಸುತ್ತುವುದು, ಸಿಗರೇಟು ಪೊಟ್ಟಣದ ತಗಡು ಮಡಚಿ ತೂರಿಸುವುದು ಇವೆಲ್ಲ ವೈರಿಂಗಿಗೆ ಬೆಂಕಿ ಕೊಡುವ ಕೆಲಸಗಳು. ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ವೈರ್ ಉಜ್ಜಿ ಬರಿದಾಗಿದೆ ಎಂದರ್ಥ. ಹ್ಯಾಂಡಲ್ ತಿರುಗುವ ಜಾಗದಲ್ಲಿ, ಹೆಡ್‌ಲೈಟಿನ ಹಿಂದೆ ಮೊದಲು ಹುಡುಕಿ ಇನ್ಸುಲೇಷನ್ ಟೇಪ್ ಸುತ್ತಬೇಕು.

ಪ್ಲಗ್ ಕ್ಯಾಪಿನೊಳಗೆ ನೀರು ಸೇರಿದ್ದರೆ ಅದನ್ನು ಎಳೆದು ಒಣ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಬೇಕು. ಒಂದು ಹೊಸ ಸ್ಪಾರ್ಕ್ ಪ್ಲಗ್ ಜೊತೆಗಿದ್ದರೆ ಸಂಶಯ ನಿವಾರಣೆ ಬೇಗ ಆಗುತ್ತದೆ. ಹಳ್ಳ ದಾಟುವಾಗ ನೀರು ಏರ್ ಫಿಲ್ಟರಿನ ತನಕ ಏರಿ ಗಾಡಿ ನಿಂತರೆ ಮಾತ್ರ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನೊಳಗಿನ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಪ್ಲಗ್ ಬಿಚ್ಚಿ, ಅದರ ಕ್ಯಾಪನ್ನು ದೂರವಿಟ್ಟು, ಎಂಜಿನ್ನನ್ನು ತಿರುಗಿಸಿ ನೀರನ್ನು ಹೊರದೂಡಿ, ಫಿಲ್ಟರ್ ಒಣಗಿಸಿದ ಬಳಿಕವಷ್ಟೇ ಶುರು ಮಾಡಲು ಪ್ರಯತ್ನಿಸಬೇಕು.

ಬಿಎಸ್6 ಗಾಡಿಯಲ್ಲಿ ನಾವು ಮಾಡುವಂಥದ್ದು ಏನಾದರೂ ಉಳಿದಿದೆಯೇ?

2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯ ತಗ್ಗಿಸುವ ಬಿಎಸ್6 ನಿಯಮ ಜಾರಿಯಾದ ಮೇಲೆ ಬಹುತೇಕ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿರುವುದರಿಂದ, ಅವುಗಳಲ್ಲಿ ಕಾರ್ಬುರೇಟರಿನ ಜೆಟ್ ಬಿಚ್ಚಿ ಊದುವ ಕೆಲಸ ಈಗಿಲ್ಲ ಎಂಬುದು ನಿಜ. ಇಂಧನ ಪಂಪ್, ಸೆನ್ಸರ್ ಅಥವಾ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಕೆಟ್ಟರೆ ದಾರಿಯಲ್ಲಿ ಮಾಡುವಂಥದ್ದೇನೂ ಇಲ್ಲ, ಗಾಡಿಯನ್ನು ವಾಹನದಲ್ಲಿ ಹೇರಿಕೊಂಡು ಹೋಗಬೇಕು. ಆದರೆ ಪಂಚರ್, ಕೇಬಲ್, ಚೈನ್, ಲಿವರ್, ಫ್ಯೂಸ್, ಬ್ಯಾಟರಿಯ ಸಂಪರ್ಕ ಇವೆಲ್ಲ ಮೊದಲಿನಂತೆಯೇ ಇವೆ, ದಾರಿಯಲ್ಲಿ ನಿಲ್ಲಿಸುವುದೂ ಹೆಚ್ಚಾಗಿ ಇವೇ. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಇಂಧನ ಪಂಪಿಗೆ ವಿದ್ಯುತ್ ಸಿಗದೆ ತಳ್ಳಿದರೂ ಶುರುವಾಗುವುದಿಲ್ಲ. ಹಾಗಾಗಿ ಹಳೆಯ ಬ್ಯಾಟರಿಯನ್ನು ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿಕೊಳ್ಳುವುದು ಉತ್ತಮ.

ಸ್ಪ್ಯಾನರುಗಳಲ್ಲದೆ ಬೇರೆ ಏನನ್ನು ಇಟ್ಟುಕೊಳ್ಳಬೇಕು?

ಹಳೆಯ ಟ್ಯೂಬನ್ನು ಅಡ್ಡಡ್ಡ ಕತ್ತರಿಸಿ ಮಾಡಿದ ರಬ್ಬರ್ ಬಳೆಗಳನ್ನು ಮೊದಲು ಹೇಳುತ್ತೇನೆ. ಮುರಿದ ಇಂಡಿಕೇಟರ್, ಜೋತುಬಿದ್ದ ನಂಬರ್ ಪ್ಲೇಟ್, ಸಡಿಲವಾದ ಸೈಲೆನ್ಸರ್ ಗಾರ್ಡ್ ಎಲ್ಲವನ್ನೂ ಅವು ಹಿಡಿದು ನಿಲ್ಲಿಸುತ್ತವೆ, ಪಂಚರ್ ಅಂಗಡಿಯಲ್ಲಿ ಕೇಳಿದರೆ ಹಳೆಯ ಟ್ಯೂಬನ್ನು ಸುಮ್ಮನೆ ಕೊಡುತ್ತಾರೆ. ಕೇಬಲ್ ಟೈಗಳು, ಎರಡು ಮೀಟರಿನಷ್ಟು ಬೈಂಡಿಂಗ್ ವೈರ್, ಇನ್ಸುಲೇಷನ್ ಟೇಪ್, ಒಂದು ಪೊಟ್ಟಣ ಎಂ-ಸೀಲ್, 6 ಮತ್ತು 8 ಮಿಲಿಮೀಟರಿನ ಕೆಲವು ಬೋಲ್ಟು ನಟ್ಟುಗಳು ಇದ್ದರೆ ಬಹಳಷ್ಟು ತುರ್ತುಗಳು ನಿಭಾಯಿಸಲ್ಪಡುತ್ತವೆ. ಕಲ್ಲಿಗೆ ತಾಗಿ ಎಂಜಿನ್ನಿನ ಕೇಸಿನಲ್ಲಿ ಕೂದಲೆಳೆಯ ಬಿರುಕು ಬಿದ್ದು ಎಣ್ಣೆ ಸೋರಿದರೆ, ಜಾಗವನ್ನು ಪೆಟ್ರೋಲಿನಿಂದ ಒರೆಸಿ ಒಣಗಿಸಿ ಎಂ-ಸೀಲ್ ಹಚ್ಚಿ, ಅದು ಗಟ್ಟಿಯಾಗುವವರೆಗೆ ತಾಳ್ಮೆಯಿಂದ ಕಾಯಬೇಕು.

ತಲೆಗೆ ಕಟ್ಟಿಕೊಳ್ಳುವ ಟಾರ್ಚನ್ನು ಉಪಕರಣವೆಂದೇ ಎಣಿಸಿ, ಮೊಬೈಲಿನ ಬೆಳಕನ್ನು ಹಿಡಿದರೆ ಕೆಲಸಕ್ಕೆ ಒಂದೇ ಕೈ ಉಳಿಯುತ್ತದೆ. ಒಂದು ಮೀಟರ್ ಚದರದ ಟಾರ್ಪಾಲು ತುಂಡನ್ನು ಹಾಸಿಕೊಂಡರೆ ಬಿಚ್ಚಿಟ್ಟ ಸ್ಕ್ರೂಗಳು ತರಗೆಲೆಯಲ್ಲಿ ಕಳೆದುಹೋಗುವುದಿಲ್ಲ. ಮಳೆಗಾಲದಲ್ಲಿ ಉಂಬಳಗಳಿಗೆ (ಜಿಗಣೆಗಳಿಗೆ) ಒಂದು ಚಿಟಿಕೆ ಉಪ್ಪಿನ ಪೊಟ್ಟಣವೂ ಅದೇ ಟಾರ್ಪಾಲಿನೊಳಗೆ ಇರಲಿ.

ಉಪಕರಣಗಳ ಗುಣಮಟ್ಟ ಎಂಥದ್ದಿರಬೇಕು?

ಕ್ರೋಮ್ ವೆನೇಡಿಯಂ ಉಕ್ಕಿನಿಂದ ಮಾಡಿದ, ಹೆಸರುವಾಸಿ ಕಂಪನಿಯ ಬಿಡಿ ಸ್ಪ್ಯಾನರುಗಳನ್ನು ಕೊಳ್ಳಿ. ಆರೇಳು ಒಳ್ಳೆಯ ಸ್ಪ್ಯಾನರುಗಳ ಬೆಲೆ ನಲವತ್ತು ಸಾಮಾನಿನ ಕಳಪೆ ಪೆಟ್ಟಿಗೆಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ. ತಿರುಗಿಸಿ ಅಳತೆ ಬದಲಿಸುವ ಸ್ಕ್ರೂ ಸ್ಪ್ಯಾನರ್ ಸಾಧ್ಯವಾದಷ್ಟು ಬೇಡ, ಬಿಗಿಯಾದ ನಟ್ಟಿನ ಮೇಲೆ ಅದು ಜಾರುತ್ತದೆ.

ಎಲ್ಲವನ್ನೂ ಬೈಕಿನಲ್ಲಿ ಎಲ್ಲಿ ಇಡಬೇಕು? ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಬೆನ್ನಿನ ಚೀಲದಲ್ಲಂತೂ ಇಡಲೇಬೇಡಿ. ಬಿದ್ದಾಗ ಕಬ್ಬಿಣದ ಸ್ಪ್ಯಾನರ್ ಬೆನ್ನುಮೂಳೆಗೆ ಒತ್ತಿದರೆ ಆಗುವ ಗಾಯ ಗಾಡಿಯ ಯಾವ ತೊಂದರೆಗಿಂತಲೂ ಘೋರ. ಭಾರ ತಗ್ಗಿನಲ್ಲಿ, ಗಾಡಿಯ ನಡುಭಾಗಕ್ಕೆ ಹತ್ತಿರದಲ್ಲಿ ಇರಬೇಕು. ಸೀಟಿನ ಕೆಳಗೆ, ಪಕ್ಕದ ಕವರಿನೊಳಗೆ ಅಥವಾ ಕ್ರ್ಯಾಶ್ ಗಾರ್ಡಿಗೆ ಬಿಗಿದ ಚಿಕ್ಕ ಚೀಲದಲ್ಲಿ ಇಡಬಹುದು. ಹಿಂಬದಿಯ ಕ್ಯಾರಿಯರಿನ ತುದಿಯಲ್ಲಿ ಭಾರ ಹೇರಿದರೆ ತಿರುವುಗಳಲ್ಲಿ ಮುಂದಿನ ಚಕ್ರ ಹಗುರಾದಂತೆ ತೋರುತ್ತದೆ.

ತುಕ್ಕಿನ ವಿಷಯದಲ್ಲಿ ಮಲೆನಾಡು ನಿಷ್ಠುರ. ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮಳೆ ಇಲ್ಲದ ದಿನವೂ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಹಳೆಯ ಪಂಚೆಯ ತುಂಡಿಗೆ ಎಂಜಿನ್ ಎಣ್ಣೆ ಸವರಿ, ಪ್ರತಿ ಸ್ಪ್ಯಾನರನ್ನೂ ಒಂದಕ್ಕೊಂದು ತಾಗದಂತೆ ಸುತ್ತಿದರೆ ತುಕ್ಕೂ ಹಿಡಿಯುವುದಿಲ್ಲ, ಗಡಗಡ ಸದ್ದೂ ಇರುವುದಿಲ್ಲ, ಕೈ ಒರೆಸಲು ಬಟ್ಟೆಯೂ ಆಯಿತು. ಫ್ಯೂಸ್, ಪ್ಲಗ್, ಪ್ಯಾಚ್ ಸಾಮಗ್ರಿಗಳನ್ನು ಮುಚ್ಚಳ ಬಿಗಿಯಾದ ಪ್ರತ್ಯೇಕ ಡಬ್ಬಿಯಲ್ಲಿ ಹಾಕಿ, ಎಣ್ಣೆಯಿಂದ ದೂರವಿಡಿ.

ನಾಲ್ಕೈದು ಜನ ಒಟ್ಟಿಗೆ ಹೋಗುವಾಗ ಹಂಚಿಕೊಳ್ಳಬಹುದೇ?

ಪಂಪ್, ಟೈರ್ ಲಿವರ್, ಪಂಚರ್ ಸಾಮಗ್ರಿ, ಟಾರ್ಪಾಲು ಹಂಚಿಕೊಳ್ಳಬಹುದು. ಕೇಬಲ್, ಟ್ಯೂಬ್, ಕ್ಲಚ್ ಮತ್ತು ಬ್ರೇಕ್ ಲಿವರ್, ಆಕ್ಸಲ್ ಸ್ಪ್ಯಾನರ್ ಆಯಾ ಗಾಡಿಯಲ್ಲೇ ಇರಲಿ. ಪಂಪ್ ಇರುವವರು ಗುಂಪಿನ ಕೊನೆಯಲ್ಲಿ ಬರಬೇಕು, ಮುಂದೆ ಹೋದವರ ಬಳಿ ಇದ್ದರೆ ಸಿಗ್ನಲ್ ಇಲ್ಲದ ಜಾಗದಲ್ಲಿ ಅವರನ್ನು ಕರೆಯುವ ದಾರಿಯೇ ಇರುವುದಿಲ್ಲ.

ಘಟ್ಟದ ತಿರುವಿನಲ್ಲೇ ಗಾಡಿ ನಿಂತರೆ ಅಲ್ಲೇ ರಿಪೇರಿ ಮಾಡಬಹುದೇ?

ಮಾಡಬಾರದು. ಆಗುಂಬೆ, ಹುಲಿಕಲ್ ಘಟ್ಟಗಳಲ್ಲಿ ಮಂಜು ಕವಿದಾಗ ಎದುರಿನ ಬಸ್ಸು ಹತ್ತಿರ ಬರುವವರೆಗೆ ಕಾಣುವುದಿಲ್ಲ, ಹೇರ್‌ಪಿನ್ನಿನಲ್ಲಿ ದೊಡ್ಡ ವಾಹನಗಳಿಗೆ ಪೂರ್ತಿ ರಸ್ತೆ ಬೇಕು. ಗಾಳಿ ಹೋದ ಟೈರಿನಲ್ಲಿ ತಳ್ಳಿದರೆ ಟ್ಯೂಬ್ ಹಾಳಾಗುವುದು ಖಚಿತವಾದರೂ, ಎರಡೂ ಕಡೆಯಿಂದ ಕಾಣುವ ನೇರ ಜಾಗದವರೆಗೆ ತಳ್ಳಿಕೊಂಡು ಹೋಗಲೇಬೇಕು. ಟ್ಯೂಬಿಗೆ ಬೆಲೆ ಕೊಡಬಹುದು. ಗುಡ್ಡ ಕುಸಿಯುವ ಲಕ್ಷಣವಿರುವ ದರೆಯ ಬುಡದಲ್ಲಿ ನಿಲ್ಲಬೇಡಿ. ಗಾಡಿಯ ಹಿಂದೆ ಸ್ವಲ್ಪ ದೂರದಲ್ಲಿ ಸೊಪ್ಪಿನ ಟೊಂಗೆ ಇಡುವ ನಮ್ಮ ಕಡೆಯ ರೂಢಿಯನ್ನು ಪಾಲಿಸಿ, ರಾತ್ರಿಯಾದರೆ ಪ್ರತಿಫಲಿಸುವ ತ್ರಿಕೋನವನ್ನೂ ಇಡಿ, ಹೊರಡುವಾಗ ಟೊಂಗೆಯನ್ನು ತೆಗೆದುಬಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112.

ಯಾವ ತೊಂದರೆಗಳಿಗೆ ಕೈ ಹಾಕಲೇಬಾರದು?

ಬ್ರೇಕ್ ಎಣ್ಣೆ ಸೋರುತ್ತಿದ್ದರೆ, ಅಲಾಯ್ ಚಕ್ರ ಬಿರುಕು ಬಿಟ್ಟಿದ್ದರೆ, ಹ್ಯಾಂಡಲ್ ಅಥವಾ ಮುಂದಿನ ಫೋರ್ಕ್ ಬಾಗಿದ್ದರೆ ತಾತ್ಕಾಲಿಕ ಉಪಾಯ ಮಾಡಿ ಘಟ್ಟ ಇಳಿಯುವ ಯೋಚನೆಯನ್ನೇ ಬಿಡಬೇಕು. ಹತ್ತಿರದ ಮನೆಯ ಅಂಗಳದಲ್ಲಿ ಗಾಡಿ ಬಿಟ್ಟು, ಮರುದಿನ ಪಿಕಪ್ ವಾಹನ ತರುವುದಾಗಿ ಹೇಳಿ ಬಸ್ಸು ಹತ್ತುವುದು ಸರಿ. ಮಲೆನಾಡಿನ ಒಂಟಿ ಮನೆಗಳವರು ಇದಕ್ಕೆ ಇಲ್ಲವೆನ್ನುವುದು ವಿರಳ.

ಒಮ್ಮೆ ಸಿದ್ಧಪಡಿಸಿದ ಚೀಲವನ್ನು ಎಷ್ಟು ಕಾಲಕ್ಕೊಮ್ಮೆ ನೋಡಬೇಕು?

ವರ್ಷಕ್ಕೆ ಎರಡು ಬಾರಿ, ಮಳೆ ಹಿಡಿಯುವ ಮುನ್ನ ಮೇ ತಿಂಗಳಲ್ಲೊಮ್ಮೆ ಮತ್ತು ಮಳೆ ಬಿಟ್ಟ ಮೇಲೆ ದೀಪಾವಳಿಯ ಹೊತ್ತಿಗೊಮ್ಮೆ ಪೂರ್ತಿ ಹೊರಗೆ ಹರಡಿ ನೋಡಬೇಕು. ರಬ್ಬರ್ ಸೊಲ್ಯೂಷನ್ನಿನ ಟ್ಯೂಬು ಒಮ್ಮೆ ತೆರೆದರೆ ಮುಚ್ಚಳ ಬಿಗಿದಿದ್ದರೂ ಕೆಲವು ತಿಂಗಳಲ್ಲಿ ಒಣಗುತ್ತದೆ, ಆದ್ದರಿಂದ ಯಾವಾಗಲೂ ತೆರೆಯದ ಒಂದು ಚಿಕ್ಕ ಟ್ಯೂಬು ಇರಲಿ. ಅಂಟುಪಟ್ಟಿಗಳು ಗಡಸಾಗಿದ್ದರೆ ಬದಲಿಸಿ. ಸುತ್ತಿಟ್ಟ ರಬ್ಬರ್ ಟ್ಯೂಬ್ ಸ್ಪ್ಯಾನರಿಗೆ ಉಜ್ಜಿ ಚೀಲದೊಳಗೇ ತೂತಾಗುವುದುಂಟು. ಅದಕ್ಕೆ ಸ್ವಲ್ಪ ಪೌಡರ್ ಸವರಿ ದಪ್ಪ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಡಿ, ವರ್ಷಕ್ಕೊಮ್ಮೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ. ಟಾರ್ಚಿನ ಸೆಲ್ಲುಗಳನ್ನು ಹೊರತೆಗೆದು ಪಕ್ಕದಲ್ಲಿಟ್ಟರೆ ಅವು ಸೋರಿ ಟಾರ್ಚ್ ಹಾಳಾಗುವುದು ತಪ್ಪುತ್ತದೆ. ಗಾಡಿಗೆ ಬೇರೆ ಅಳತೆಯ ಟೈರು ಅಥವಾ ಬೇರೆ ಬಗೆಯ ಬೋಲ್ಟು ಹಾಕಿಸಿದ್ದರೆ ಹಳೆಯ ಚೀಟಿಯನ್ನು ತಿದ್ದಿ, ಅದರ ಒಂದು ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದಲ್ಲೇ ಇಡಿ.